ಕಣಿವೆಯ ಬಾಯಿಗೆ ಮದ್ದು

ಕುರೆಕುಪ್ಪ, ಗುರುವಾರ, ನವೆಂಬರ್ 14

ಇವತ್ತು ಮಗಳ ಪಕ್ಕ ಆಟ ನೋಡುತ್ತ ಕೂರಬಾರದಿತ್ತು. ಸುಮಂಗಲಾಳ ವಿಡಿಯೋ ಗೇಮಿನ ಹೊಸ ಲೆವೆಲ್ಲಿನಲ್ಲಿ, ಬಂಡೆಗೋಡೆಯ ಹಿಂದೆ ಡೈನೋಸಾರ್‌ಗಳ ಕಣಿವೆಯೊಂದು ಅಡಗಿದೆ. ಹಾಳಾದ ಬಂಡೆ, ಸಂಡೂರಿನ ಗುಡ್ಡದಂತೆಯೇ ಕೆಂಪು. ದಾರಿ ಮಾಡಲು ಅವಳು ಅದಕ್ಕೆ ಮದ್ದು ಇಟ್ಟಳು. ಇಪ್ಪತ್ತು ವರ್ಷ ಗಣಿಯಲ್ಲಿ ಬ್ಲಾಸ್ಟಿಂಗ್ ಮಾಡಿದ ನನ್ನ ಬಾಯಿ ಸುಮ್ಮನಿರಲಿಲ್ಲ.

"ತಡಿಯವ್ವ! ಮೊದ್ಲು ಸೈರನ್ ಹಾಕು. ಒಳಗ ಯಾರರ ಅದಾರೇನು ನೋಡು!"

"ಒಳಗ ಯಾರೂ ಇಲ್ಲಪ್ಪಾ," ಎಂದು ನಕ್ಕು ಗುಂಡಿ ಒತ್ತಿದಳು.

ಧೂಳು ಇಳಿದ ಮೇಲೆ ಹಸಿರು ಕಣಿವೆ ಕಂಡಿತು. ಅವಳು ಚಪ್ಪಾಳೆ ತಟ್ಟಿದಳು. ನಾನು ಕಲ್ಲುಗಳ ನಡುವೆ ಹಳದಿ ಹೆಲ್ಮೆಟ್ ಹುಡುಕುತ್ತಿದ್ದೆ.

ಜೊತೆಗಾರ ದುರುಗೇಶ್ ಮರೆತ ಬುತ್ತಿ ತರಲು ಗಣಿಯೊಳಗೆ ಹಿಂದಿರುಗಿದ್ದನ್ನು, ಅವನು ಸತ್ತ ಆ ಸ್ಫೋಟದ ದಿನ, ನಾನು ನೋಡಿರಲಿಲ್ಲ. ಸೈರನ್ ಕೆಟ್ಟಿತ್ತು. ಸೂಪರ್‌ವೈಸರ್ ಕೇಳಿದಾಗ ನಾನೂ ಇಷ್ಟೇ ಸಲೀಸಾಗಿ ಹೇಳಿದ್ದೆ: "ಒಳಗ ಯಾರೂ ಇಲ್ರಿ."