ಬೊಚ್ಚುಬಾಯಿಯ ಪರೀಕ್ಷೆ

ಹಾಲಿವುಡ್, ಫೆಬ್ರವರಿ 4, 1929, ಸೋಮವಾರ

ಆರ್ಫಾ ಅಕ್ಕ, ಹೇಗಿದ್ದೀ? ಕಣ್ಣು ಪೂರ್ತಿ ಮಂಜಾಯಿತೇ? ಲೂಥರ್ ಭಾವನ ಸೊಂಟ? ನಿನ್ನ ಮಗಳು ಥೀಡಾಳ ಕೆಮ್ಮು ನಿಂತಿತೇ?

ಈ ನೋಟ್‌ಬುಕ್ಕಿನದು ಅಂಚೆಗೆ ಹೋಗಲ್ಲ, ಗೊತ್ತಲ್ಲ ನನ್ನ ಬುದ್ಧಿ. ಒಳ್ಳೇ ಸುದ್ದಿ ಮಾತ್ರ ನಿನಗೆ. ಇವತ್ತಿನದು ಒಳ್ಳೇದಲ್ಲ. ಸ್ಟುಡಿಯೋದಲ್ಲಿ ಇನ್ನು ಮೂಕಿ ಚಿತ್ರ ತೆಗೆಯಲ್ಲವಂತೆ, ಎಲ್ಲಾ ಮಾತಾಡೋ ಚಿತ್ರವೇ. ಗುರುವಾರ ನನ್ನ ದನಿಯ ಪರೀಕ್ಷೆ. ಪಾತ್ರ, ಜೈಲಿಂದ ಬರೋ ಮಗನನ್ನು ಎದುರುಗೊಳ್ಳೋ ಮುದುಕಿಯದು. ಸರಿಹೋಗದಿದ್ದರೆ ಮನೆಗೆ ಹೋಗು ಅಂತಾರೆ.

ಹದಿನಾಲ್ಕು ವರ್ಷದಿಂದ ಹಲ್ಲುಸೆಟ್ ತೆಗೆದಿಟ್ಟೇ ಕ್ಯಾಮೆರಾ ಮುಂದೆ ನಿಂತವಳು. ಈ ಬೊಚ್ಚುಬಾಯೇ ನನ್ನ ಹೊಟ್ಟೆಪಾಡು. ಅದರಲ್ಲಿ ಮಾತಾಡೋದು ಹೇಗೆ?

5, ಮಂಗಳವಾರ

ಪಕ್ಕದ ರೂಮಿನ ವೆಲ್ಮಾ — ಚಿತ್ರಗಳಲ್ಲಿ ಗುಂಪಿನಲ್ಲಿ ನಿಲ್ಲೋ ಹುಡುಗಿ — ನನ್ನ ಅಭ್ಯಾಸವನ್ನು ಬಾಗಿಲಾಚೆ ನಿಂತು ಕೇಳಿಸಿಕೊಂಡಳು. ಪಾತ್ರದ ಮಾತನ್ನು ಮೊದಲು ಹಲ್ಲಿಲ್ಲದೆ ಹೇಳಿದೆ.

"ಅಜ್ಜಿ, ಅದು ಮಾತೋ, ಕೆಟಲ್ ಕುದೀತಿರೋದೋ?"

ಹಲ್ಲು ಹಾಕಿಕೊಂಡು ಹೇಳಿದೆ.

"ಈಗ ಚೊಕ್ಕ. ಆದ್ರೆ ಯಾರೋ ಸ್ಕೂಲ್ ಟೀಚರಮ್ಮ ಬಂದು ಬೈದಂಗಿದೆ."

"ನಿನ್ನ ಬಾಯಿಗೆ ಬೀಗ ಹಾಕ!" ಅಂದೆ. ನಕ್ಕಳು. ನಾನೂ ನಕ್ಕೆ... ಊಟ ಸೇರಲಿಲ್ಲ.

7, ಗುರುವಾರ, ಸಂಜೆ 5

ಪರೀಕ್ಷೆ ಆಯಿತು.

ಮೇಜಿನ ಹೂದಾನಿಯೊಳಗೆ ಮೈಕು. ಸೌಂಡ್ ರೆಕಾರ್ಡ್ ಮಾಡೋ ಕಿಂಬಲ್ ಗಾಜಿನ ಗೂಡಿನಲ್ಲಿ. ನಿರ್ದೇಶಕ ಪ್ರುಯಿಟ್, "ಹಲ್ಲು ತೆಗೀರಿ ಅಜ್ಜಿ, ಆ ಮುಖ ಬೇಕು ನನಗೆ" ಅಂದರು. ತೆಗೆದೆ. ಹೇಳಿದೆ.

"ಬರೀ ಗಾಳಿ ಸಾರ್!" ಕಿಂಬಲ್ ಕೂಗಿದ.

"ಹಾಕ್ಕೊಳ್ಳಿ."

ಹಾಕಿಕೊಂಡು ಹೇಳಿದೆ. ಕಿಂಬಲ್ ಸರಿ ಅಂತ ತಲೆಯಾಡಿಸಿದ. ಪ್ರುಯಿಟ್ ನನ್ನನ್ನೇ ದಿಟ್ಟಿಸಿ, "ಇವರ್ಯಾರು? ನಮ್ಮಜ್ಜಿ ಎಲ್ಲಿ ಹೋದ್ರು?" ಅಂತ ಕೇಳಿ, "ಮುಂದಿನವರನ್ನ ಕರೀರಿ" ಅಂದರು.

"ಇನ್ನೊಂದೇ ಸಲ ಸಾರ್. ಏನೂ ಕೇಳ್ಬೇಡಿ, ಕ್ಯಾಮೆರಾ ತಿರುಗಿಸಿ." ಎಲ್ಲಿಂದ ಬಂತೋ ಧೈರ್ಯ.

ಹಲ್ಲುಸೆಟ್ ತೆಗೆದು ಏಪ್ರನ್ನಿನ ಮಡಿಕೆಯಲ್ಲಿಟ್ಟು ಬೊಚ್ಚುಬಾಯಲ್ಲೇ ಕೂತೆ. ಬಾಗಿಲು ತಟ್ಟಿದ ಸದ್ದು — ಚಿತ್ರದ ಮಗ. ತಟ್ಟನೆ ಅವನಿಗೆ ಬೆನ್ನು ಮಾಡಿದೆ. ಮಡಿಕೆಯಿಂದ ಅದನ್ನು ತೆಗೆದು, ಕ್ಯಾಮೆರಾ ಎದುರೇ ಹಾಕಿಕೊಂಡೆ. ಕೂದಲು ಸರಿಮಾಡಿಕೊಂಡೆ. ನೆನಪಿದೆಯಾ, ಅಪ್ಪನ ಗಾಡಿ ಸದ್ದಾದರೆ ಅಮ್ಮನೂ ಹೀಗೇ ಕೂದಲು ನೇವರಿಸಿಕೊಳ್ತಿದ್ದಳು. ಆಮೇಲೆ ತಿರುಗಿದೆ. "ಬಾ ಮಗಾ. ಒಳಗೆ ಬಾ."

ಕಿಂಬಲ್ ಗೂಡು ಬಿಟ್ಟು ಹೊರಗೇ ಬಂದ. "ಹಲ್ಲು ಕೂತಾಗ 'ಟಕ್' ಅಂದಿತಲ್ಲ ಸಾರ್... ಅದೂ ರೆಕಾರ್ಡಾಗಿದೆ."

"ಆಯ್ತು, ನೀವು ಹೋಗಿ ಅಜ್ಜಿ" ಅಂದರು ಪ್ರುಯಿಟ್. ಅಷ್ಟೇ.

9, ಶನಿವಾರ

ಸುದ್ದಿಯಿಲ್ಲ. ಸ್ಟುಡಿಯೋ ಗೇಟಿನವನು ಇವತ್ತು ಎಂದಿನಂತೆ ಹ್ಯಾಟ್ ಎತ್ತಿ ವಂದಿಸಲಿಲ್ಲ. ಮರೆತನೋ, ಅವನಿಗೆ ಆಗಲೇ ಗೊತ್ತೋ...

13, ಬುಧವಾರ

ಉಡುಪಿನ ವಿಭಾಗದಿಂದ ಕರೆ. ಹೊಲಿಯೋ ಹೆಂಗಸು ಬಾಯಲ್ಲಿ ಪಿನ್ನು ಕಚ್ಚಿಕೊಂಡೇ ಸೊಂಟ ಅಳೆದಳು. ನನಗೆ ಕೇಳೋಕೆ ಭಯ.

"ಏಪ್ರನ್ನಿಗೆ ಬಲಗಡೆ ಒಂದು ಜೇಬು ಇಡಬೇಕಂತೆ ಅಜ್ಜಿ. ಪ್ರುಯಿಟ್ ಸಾರ್ ಚೀಟಿ ಕಳಿಸಿದಾರೆ. ಇಷ್ಟು ಪುಟ್ಟ ಜೇಬಲ್ಲಿ ಏನಿಡ್ತೀರೋ!"

ಹಲ್ಲುಸೆಟ್ಟಿಗೇ ಆ ಜೇಬು; ಅಂದರೆ ಪಾತ್ರ ನನ್ನದೇ. ನಗು ಬಂತು, ಜೊತೆಗೆ ಅಳು.

ಅಕ್ಕ, ಈ ಹಾಳೆ ಹರಿದು ಅಂಚೆಗೆ ಹಾಕ್ತೀನಿ. ಕಣ್ಣು ಕಾಣದಿದ್ದರೆ ಹೋಗಲಿ. ಚಿತ್ರ ನಿಮ್ಮೂರಿಗೆ ಬಂದಾಗ ಥೀಡಾಳ ಕೈ ಹಿಡಿದು ಹೋಗಿ ಕೂತ್ಕೋ. ಮೊದಲು ಟಕ್ ಅನ್ನುತ್ತೆ. ಆಮೇಲೆ ನಾನು. ಚಿತ್ರಕ್ಕೆ ಹೋಗ್ತೀನಿ ಅಂತ ಥೀಡಾಳಿಂದ ಈಗಲೇ ಎರಡು ಸಾಲು ಬರೆಸಿ ಹಾಕು, ತಡಮಾಡಬೇಡ, ನಾನಿಲ್ಲಿ ದಿನಾ ಪೋಸ್ಟಿನವನನ್ನ ಕಾಯ್ತಿರ್ತೀನಿ.