ಏಳನೆಯ ಹೂವು

ಬನಹಟ್ಟಿ

ಸ್ನೇಹಾ ಅವರಿಗೆ ವಂದನೆಗಳು.

ನೀವು ಜಮಖಂಡಿಯಿಂದ ಕಳಿಸಿದ ನನ್ನ ವೆಬ್‌ಸೈಟ್‌ನ ಮಾದರಿ ನೋಡಿದೆ. ಮೂರೂ ಕಥಾಸಂಕಲನಗಳ ಮುಖಪುಟ, ಕೊಳ್ಳುವ ಬಟನ್ ಎಲ್ಲ ಚೆನ್ನಾಗಿವೆ. ಆದರೆ ಪುಟದ ಅಂಚಿಗೆಂದು ಕೊಟ್ಟ ಸೀರೆ ದಡಿಯ ಫೋಟೊದಲ್ಲಿ ಏಳನೆಯ ಹೂವು ಸೊಟ್ಟಗಿತ್ತು. ಅದನ್ನು ನೀವು ನೆಟ್ಟಗೆ ಮಾಡಿದ್ದೀರಿ. ನನ್ನನ್ನು ಕೇಳದೆ ತಿದ್ದಬಾರದಿತ್ತು.

ಆ ಸೀರೆಯನ್ನು ನಮ್ಮ ಮನೆಯ ಕೈಮಗ್ಗದಲ್ಲಿ ನೇಯ್ದವನು ನಮ್ಮಲ್ಲಿ ಕೆಲಸಕ್ಕಿದ್ದ ನೇಕಾರ ರಾಚಪ್ಪ. ಅಂದು ನಾನು ಹೊಸ್ತಿಲ ಮೇಲೆ ಕುಳಿತು ನನ್ನ ಮೊದಲ ಕಥೆಯನ್ನು ಅವನಿಗೆ ಓದಿ ಹೇಳುತ್ತಿದ್ದೆ. ಕೇಳುತ್ತ ಕೇಳುತ್ತ ಅವನ ಎಳೆ ತಪ್ಪಿತು.

“ಬಿಚ್ಚೂದಿಲ್ಲ ಬಿಡ್ರಿ. ನಿಮ್ಮ ಕಥಿ ಕೇಳಿದ್ದಕ್ಕ ಗುರ್ತು ಇರ್ಲಿ” ಅಂದ.

ಕೈಮಗ್ಗ ನಿಂತ ವರ್ಷ ಅವನು ವಿದ್ಯುತ್ ಮಗ್ಗದ ಕೆಲಸಕ್ಕೆಂದು ಮಹಾರಾಷ್ಟ್ರದ ಇಚಲಕರಂಜಿಗೆ ಹೋದ. ವಿಳಾಸ ಸಿಗಲಿಲ್ಲ. ಈಗ ಅಲ್ಲಿಯೂ ಎಲ್ಲರ ಕೈಯಲ್ಲಿ ಮೊಬೈಲ್ ಇದೆಯಂತೆ.

“ವೆಬ್‌ಸೈಟ್ ಯಾರು ನೋಡಬೇಕ್ರಿ, ಅದನ್ನ ಮೊದಲ ಹೇಳ್ರಿ” ಎಂದು ನೀವು ಕೇಳಿದ್ದಿರಿ. ಓದುಗರು ಅಂದಿದ್ದೆ. ಆದರೆ ರಾಚಪ್ಪನಿಗೆ ಓದಲು ಬರುವುದಿಲ್ಲ, ಸ್ನೇಹಾ. ಆ ಹೂವನ್ನು ಮಾತ್ರ ಗುರುತಿಸುತ್ತಾನೆ.

ಅದನ್ನು ಮೊದಲಿನಂತೆ ಸೊಟ್ಟಗೇ ಇಟ್ಟು, ಅದರ ಕೆಳಗೆ ನನ್ನ ಫೋನ್ ನಂಬರನ್ನು ದೊಡ್ಡದಾಗಿ ಹಾಕಿ. ಎಳೆ ಎಣಿಸಿ ನೇಯುತ್ತಿದ್ದವನು, ಅವನಿಗೆ ಅಂಕಿ ಬರುತ್ತವೆ.

ಇಷ್ಟೇ ಕೇಳುವುದು,
ದಾನಮ್ಮ