ಕಾಯ ಶುದ್ಧಿ

18 ಜುಲೈ 2011, ಸೋಮವಾರ. ಬೆಳಿಗ್ಗೆ

ಇವತ್ತೂ ಸೋರಿತು. ಕಸ ಹೊಡೆಯಲು ಬಾಗಿದೆ. ಬಲ ಹೊಳ್ಳೆಯಿಂದ ಟಪ್ಪಂತ ಒಂದು ಹನಿ ನೆಲಕ್ಕೆ. ಹಿಂದೆಯೇ ಇನ್ನೊಂದು. ಸೆರಗಿನಿಂದ ಒತ್ತಿಕೊಂಡು ಎದ್ದು ನಿಂತೆ. ನಿಂತಿತು. ನೆಗಡಿಯಲ್ಲ. ಸೀನಿಲ್ಲ, ಕೆಮ್ಮಿಲ್ಲ, ಅಂಟಿಲ್ಲ. ಬರೀ ನೀರು, ನಾಲಿಗೆಗೆ ಉಪ್ಪುಪ್ಪು. ಎಡ ಹೊಳ್ಳೆ ಮಾತ್ರ ಒಣಾ ಒಣಾ.

ಅಥಣಿಗೆ ಕಸ್ತೂರೆವ್ವ ಅಕ್ಕನಿಗೆ ಪತ್ರ ಬರೆದೆ. ನಮ್ಮ ಬೋರಗಾಂವದ ಬಸದಿಯಲ್ಲಿ ಮುನಿ ಮಹಾರಾಜರು ಚಾತುರ್ಮಾಸಕ್ಕೆ ಕೂತದ್ದು, ಮಗ ಅಮೋಲ ಇನ್ನೆರಡು ಪವರ್‌ಲೂಮ್ ಹಾಕಿದ್ದು, ನಮ್ಮ ಮನೆಯವರ ಮೊಣಕಾಲ ನೋವು, ಸೊಸೆ ಸೀಮಾ ಈ ಸಲ ಹಾಕಿದ ಹಪ್ಪಳ ಒಂದೂ ಒಡೆಯದ್ದು — ಎಲ್ಲ ಬರೆದೆ. ಮೂಗಿನದು ಬರೆಯಲಿಲ್ಲ. ಅಕ್ಷರ ಕಲಿತಾಗಿನಿಂದ, ಅದೂ ಅಮೋಲನ ಪಾಟಿ ಕದ್ದು ಕಲಿತಾಗಿನಿಂದ, ಅಕ್ಕನಿಗೆ ಮುಚ್ಚಿಟ್ಟದ್ದು ಒಂದೂ ಇಲ್ಲ. ಇದನ್ನು ಬರೆಯಲು ಕೈ ಬರಲಿಲ್ಲ. ಅದಕ್ಕೇ ಇಲ್ಲಿ.

24 ಜುಲೈ, ರವಿವಾರ

ಮಲಗಿದರೆ ಗಂಟಲಿಗೆ ಇಳಿಯುತ್ತದೆ. ಬಾಗಿದರೆ ಹೊರಗೆ. ಹತ್ತಿ ತುರುಕಿ ನೋಡಿದೆ... ತೊಯ್ದು ಬಿತ್ತು. ದಿಂಬಿನ ಮೇಲೆ ಕಲೆ. ಸೀಮಾ ಹೊದಿಕೆ ಬದಲಿಸುವಾಗ ನೋಡಿದಳು. ಡಾಕ್ಟರಿಗೆ ತೋರಿಸೋಣ ಎಂದಳು. ಮುದುಕರ ಮೂಗು ಹೀಗೇ, ನಿನ್ನ ಕೆಲಸ ನೋಡಿಕೊ ಎಂದೆ. ಹಾಗೆ ಗದರಿಸುವವಳಲ್ಲ ನಾನು. ಅವಳ ಮುಖ ಸಣ್ಣದಾಯಿತು.

ನನ್ನ ಅತ್ತೆಯ ಕೊನೆಯ ದಿನಗಳು ಕಣ್ಣ ಮುಂದೆ ಬರುತ್ತವೆ. ಸದಾ ಸುರಿಯುವ ಮೂಗು. ಮಾತಾಡಿಸಲು ಬಂದವರು ಬಾಗಿಲಲ್ಲೇ ನಿಂತು ಹೋಗುತ್ತಿದ್ದರು. ಆಕೆ ಕೊಟ್ಟ ಬೆಲ್ಲವನ್ನು ಮಕ್ಕಳು ಹಿತ್ತಿಲಿಗೆ ಎಸೆಯುತ್ತಿದ್ದವು.

ಇನ್ನೊಂದೂ ಇದೆ. ಡಾಕ್ಟರ್ ರೋಗ ಅಂದರೆ ನಾನು ಚೌಕಾದಲ್ಲಿ, ಆ ಮಡಿ ಅಡುಗೆಯ ಜಾಗದಲ್ಲಿ, ನಿಲ್ಲುವ ಹಾಗಿಲ್ಲ. ಮಹಾರಾಜರಿಗೆ ಆಹಾರ ಕೊಡುವವರ ದೇಹ ನಿರ್ಮಲವಿರಬೇಕು. ಎಷ್ಟು ವರ್ಷದಿಂದ ಬಾಗಿಲಲ್ಲಿ ಕಲಶ ಹಿಡಿದು ನಿಂತಿದ್ದೇನೆ. ಯಾವ ಮಹಾರಾಜರು ಬಂದರೂ ನಮ್ಮ ಮನೆ ದಾಟಿ ಮುಂದೆ ಹೋಗಿದ್ದಾರೆ. ಇಂಥ ಗುರುತು ಕಂಡ ಮನೆಯಲ್ಲೇ ನಿಲ್ಲುವುದು ಅಂತ ಮನಸ್ಸಿನಲ್ಲಿ ಯಾವ ನೇಮ ಹಿಡಿದು ಬರುತ್ತಾರೋ, ಅದು ನಮ್ಮ ಬಾಗಿಲಲ್ಲಿ ಒಮ್ಮೆಯೂ ಕೂಡಿ ಬರಲಿಲ್ಲ. ಈ ಕೈಯಿಂದ ಒಂದು ತುತ್ತು ಕೊಡದೆ ಹೋಗುತ್ತೇನೇನೋ ಅಂತ ಭಯ. ಚಾತುರ್ಮಾಸ ಮುಗಿಯಲಿ. ಆಮೇಲೆ ತೋರಿಸಿದರಾಯಿತು.

2 ಆಗಸ್ಟ್, ಮಂಗಳವಾರ. ಸಂಜೆ

ಹೇಗೆ ಬರೆಯಲಿ.

ನಿಂತರು. ನಮ್ಮ ಬಾಗಿಲಲ್ಲೇ. ನಮೋಸ್ತು ನಮೋಸ್ತು ಅನ್ನುತ್ತ ಮೂರು ಸುತ್ತು ಬಂದೆವು. ಓಣಿಯ ಮಗ್ಗಗಳನ್ನೆಲ್ಲ ಅಮೋಲ ಬಂದ್ ಮಾಡಿಸಿದ್ದ. ಎಷ್ಟು ಶಾಂತ. ಒಳಗೆ ಕರೆದುಕೊಂಡು ಬಂದು, ಪಾದ ತೊಳೆದು, ಎಲ್ಲರೂ ಹೇಳುವುದನ್ನು ಹೇಳಿದೆ — ಮನ ಶುದ್ಧಿ, ವಚನ ಶುದ್ಧಿ, ಕಾಯ ಶುದ್ಧಿ, ಆಹಾರ ಜಲ ಶುದ್ಧಿ. ಕಾಯ ಶುದ್ಧಿ ಅನ್ನುವಾಗ ನಾಲಿಗೆ ತಡವರಿಸಿತು. ಆದರೂ ಹೇಳಿದೆ.

ಅವರು ನಿಂತು ಎರಡೂ ಅಂಗೈ ಕೂಡಿಸಿ ಬೊಗಸೆ ಒಡ್ಡಿದರು. ಇವರು ನೀರು ಹಾಕಿದರು. ಸೀಮಾ ಹಾಲು. ಅನ್ನ ಕಲಸಿ ತುತ್ತು ಮಾಡಿ ನಾನು ಮುಂದೆ ಬಾಗಿದೆ.

ಬಿತ್ತು.

ಅವರ ಬೊಗಸೆಯಲ್ಲಿ. ಅನ್ನದ ಮೇಲೆ. ನಾನು ನೋಡಿದೆ. ಅವರೂ ನೋಡಿದರು. ಕೈ ಬಿಡಿಸಿದರು, ಅನ್ನ ಕೆಳಗೆ ಬಿತ್ತು, ಕೂತುಬಿಟ್ಟರು. ಅಂತರಾಯ — ಬೊಗಸೆಯಲ್ಲಿ ಕೂದಲು, ಹೊಲಸು ಏನು ಬಿದ್ದರೂ ಹೀಗೇ. ಇವತ್ತಿನ ಆಹಾರ ಅಲ್ಲಿಗೆ ಮುಗಿಯಿತು. ನೀರೂ ಇಲ್ಲ, ನಾಳೆಯವರೆಗೆ. ಅವರು ಒಂದು ಮಾತೂ ಆಡಲಿಲ್ಲ, ಯಾರ ಕಡೆಯೂ ನೋಡಲಿಲ್ಲ. ನವಿಲುಗರಿಯ ಪಿಂಛಿ, ಕಮಂಡಲು ಎತ್ತಿಕೊಂಡು ಹೊರಟರು.

ಹಿಂದಿನ ಮನೆಯ ಉಜ್ವಲಾ ಮೊದಲು ಮಾತಾಡಿದ್ದು. "ಸೀಮಾನ ಸೆರಗ ಜಾರಿತ್ತ. ನಾನ ನೋಡೇನಿ. ಕೂದಲಾ ಬಿದ್ದಿರಬೇಕ." ಎಲ್ಲರೂ ಸೀಮಾಳ ತಲೆ ನೋಡಿದರು. ಅವಳು ಎರಡೂ ಕೈಯಿಂದ ತಲೆ ಮುಟ್ಟಿಕೊಂಡಳು.

ನಾನು ಸೆರಗಿನಿಂದ ಮೂಗು ಒತ್ತಿಕೊಂಡು ನಿಂತಿದ್ದೆ. ಅಳುತ್ತಿದ್ದೇನೆ ಅಂತ ತಿಳಿದು ಯಾರೋ ಬೆನ್ನು ಸವರಿದರು.

3 ಆಗಸ್ಟ್, ಬುಧವಾರ

ಸೀಮಾ ಉಪವಾಸ ಹಿಡಿದಿದ್ದಾಳೆ. ನೀರನ್ನೂ ಮುಟ್ಟಿಲ್ಲ. "ನನ್ನ ಕೂದಲಾನ ಇರಬೇಕ್ರಿ ಅತ್ತಿ," ಎಂದಳು. "ನನಗ ಕಾಣಲಿಲ್ಲ. ಆದ್ರ ಎಲ್ಲಾರೂ ಅನ್ನಾಕತ್ತಾರ."

ಈಗ ಹೇಳಬೇಕಿತ್ತು. ಅಡುಗೆಮನೆಯಲ್ಲಿ ನಾವಿಬ್ಬರೇ. ಬಾಯಿ ತೆರೆದೆ. ಒಂದು ಲೋಟ ನೀರಾದರೂ ಕುಡಿ ಅಂದೆ. ಅಷ್ಟೇ ಬಂದದ್ದು.

ಈ ಚಾತುರ್ಮಾಸ ಮುಗಿಯುವವರೆಗೆ ಸೀಮಾ ಚೌಕಾದೊಳಗೆ ಬರುವುದು ಬೇಡ ಅಂತ ಇವರು ಹೇಳಿದರು. ಸಿಟ್ಟಿನಿಂದ ಅಲ್ಲ, ಸಣ್ಣ ದನಿಯಲ್ಲಿ. ಅಮೋಲ ತಲೆ ತಗ್ಗಿಸಿದ. ನಾನು ಅಕ್ಕಿ ಆರಿಸುತ್ತ ಕೂತಿದ್ದೆ. ಅಕ್ಕಿಯ ಮೇಲೂ ಹನಿ ಬಿತ್ತು. ಆ ಹಿಡಿ ಅಕ್ಕಿ ತೆಗೆದು ಗುಬ್ಬಿಗೆ ಚೆಲ್ಲಿದೆ.

11 ಆಗಸ್ಟ್

ಸೀಮಾ ಈಗ ತಲೆಗೆ ಬಟ್ಟೆ ಕಟ್ಟಿಕೊಂಡೇ ಇರುತ್ತಾಳೆ. ಎಣ್ಣೆ ಹಚ್ಚಿ, ಬಿಗಿಯಾಗಿ. ಮಲಗುವಾಗಲೂ. ಹಣೆಯ ಮೇಲೆ ಗೆರೆ ಬಿದ್ದಿದೆ. ಬಸದಿಯ ಬಾವಿಕಟ್ಟೆಯಲ್ಲಿ ಉಜ್ವಲಾ ನಗುತ್ತ, "ನಮ್ಮ ಕೊಡಾ ಮುಟ್ಟಬ್ಯಾಡವಾ ಸೀಮಾ, ನಮ್ಮ ಮನ್ಯಾಗ ನಾಳಿ ಚೌಕಾ ಐತಿ" ಅಂದಳಂತೆ. ಸೀಮಾಳ ತವರು ಕಾಗವಾಡಕ್ಕೂ ಸುದ್ದಿ ಮುಟ್ಟಿ ಅವಳ ಅವ್ವ ಫೋನಿನಲ್ಲಿ ಅತ್ತಳಂತೆ. ಅಮೋಲ ಹೇಳಿದ. ಸೀಮಾ ಹೇಳಲಿಲ್ಲ.

ಅಕ್ಕನಿಗೆ ಪತ್ರ ಬರೆಯಲು ಕೂತೆ. ಕುಶಲ ಅನ್ನುವಲ್ಲಿಗೆ ಪೆನ್ನು ನಿಂತಿತು.

22 ಆಗಸ್ಟ್, ಸೋಮವಾರ. ಮಿರಜದಿಂದ ಬಂದ ಮೇಲೆ

ಶನಿವಾರ ತಲೆನೋವು ತಡೆಯದೆ ದೇವರ ಕೋಣೆಯಲ್ಲೇ ಕುಸಿದೆ. ಇವತ್ತು ಅಮೋಲ, ಸೀಮಾ ಮಿರಜಕ್ಕೆ ಕರೆದೊಯ್ದರು. ಮೂಗು-ಕಿವಿ-ಗಂಟಲಿನ ಡಾಕ್ಟರಬಾಯಿ, ಮರಾಠಿಯವರು. ನನ್ನನ್ನು ಆಜಿ ಅನ್ನುತ್ತಾರೆ. ಯಾವಾಗಿನಿಂದ ಅಂತ ಕೇಳಿದರು. ನಾಲ್ಕೈದು ದಿನ ಅಂದೆ. ಅವರು ನಕ್ಕು, ಇದು ನಾಲ್ಕೈದು ದಿನದ್ದಲ್ಲ ಅಂದರು. ಸೀಮಾ ಪಕ್ಕದಲ್ಲೇ ನಿಂತಿದ್ದಳು. ಕೊನೆಗೆ ಹೇಳಿದೆ — ಊರಿಗೆ ಮಹಾರಾಜರು ಬರುವುದಕ್ಕಿಂತ ಮೊದಲು.

ತಲೆ ಬಾಗಿಸಿ ಕೂರಿಸಿದರು. ಹೊಳ್ಳೆಯ ಕೆಳಗೆ ಸಣ್ಣ ಬಾಟಲಿ ಹಿಡಿಯಲು ಸೀಮಾಳಿಗೆ ಹೇಳಿದರು. ಹಿಡಿದಳು. ಹನಿ... ಹನಿ. ಅವಳ ಬೆರಳು ನನ್ನ ತುಟಿಗೆ ತಾಗುತ್ತಿದ್ದವು. ನಾನು ಕಣ್ಣು ಮುಚ್ಚಿದ್ದೆ. ತೆರೆದಾಗ ಅವಳು ಬಾಟಲಿ ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದಳು.

ಸ್ಕ್ಯಾನ್ ಆಯಿತು. ಡಾಕ್ಟರಬಾಯಿ ಚಿತ್ರ ಬರೆದು ತಿಳಿಸಿದರು. ಮೂಗೆಂದರೆ ಈ ಎರಡು ತೂತು ಅಂತ ತಿಳಿದಿದ್ದೆ. ಒಳಗೆ ಒಂದು ಮನೆಯೇ ಇದೆ. ನಡುವೆ ಗೋಡೆ. ಎರಡೂ ಕಡೆ ಮೂರು ಮೂರು ಮಡಿಕೆ, ಒಳಗೆ ಬಂದ ಗಾಳಿಯನ್ನು ಬೆಚ್ಚಗೆ ಮಾಡಿ ತೇವ ಮಾಡಿ ಕಳಿಸಲು. ಕೆನ್ನೆಯ ಎಲುಬಿನೊಳಗೆ ಒಂದೊಂದು ಖಾಲಿ ಕೋಣೆ, ಹುಬ್ಬಿನ ಮೇಲೆ ಒಂದೊಂದು, ಎರಡು ಕಣ್ಣುಗಳ ನಡುವೆ ಜೇನುಹುಟ್ಟಿನ ಹಾಗೆ ಪುಟ್ಟ ಪುಟ್ಟವು (ಜೇನು ಮುಟ್ಟುವವರಲ್ಲ ನಾವು, ಹುಟ್ಟು ನೋಡಿದ್ದೇನೆ), ಎಲ್ಲಕ್ಕೂ ಹಿಂದೆ ತಲೆಯ ನಟ್ಟ ನಡುವೆ ಇನ್ನೆರಡು. ಇವೇ ಸೈನಸ್. ತುಂಬಿದ್ದು ಬರೀ ಗಾಳಿ. ಎಲ್ಲದರ ಬಾಗಿಲೂ ಮೂಗಿನೊಳಗೆ. ಇಷ್ಟು ವರ್ಷ ಹೊತ್ತು ತಿರುಗಿದ ತಲೆಯಲ್ಲಿ ಇಷ್ಟು ಖಾಲಿ ಜಾಗ.

ಮೂಗಿನ ಮಾಳಿಗೆ ಹಪ್ಪಳದಷ್ಟು ತೆಳುವಂತೆ. ಹಿಟ್ಟಿನ ಸಾಣಿಗೆಯ ಹಾಗೆ ತೂತು ತೂತು. ವಾಸನೆ ತಿಳಿಯುವ ನರಗಳು ಅದರಿಂದ ಇಳಿಯುತ್ತವೆ. ಮೇಲೆಯೇ ಮೆದುಳು, ನೀರಿನಲ್ಲಿ ತೇಲುತ್ತ. ನನ್ನ ಬಲಗಡೆ ಮಾಳಿಗೆ ಬಿರಿದಿದೆ. ಸೋರುತ್ತಿರುವುದು ಸಿಂಬಳವಲ್ಲ. ಮೆದುಳಿನ ನೀರು. ಹೊರಗಿನ ಸೋಂಕು ಅದೇ ದಾರಿ ಹಿಡಿದು ಮೇಲೆ ಹತ್ತಿದರೆ ಜೀವಕ್ಕೆ ಅಪಾಯ. ಬಾಗಬಾರದು, ಮೂಗು ಸೀಟಬಾರದು, ಭಾರ ಎತ್ತಬಾರದು. ಮೂಗಿನೊಳಗಿಂದಲೇ ದುರ್ಬೀನು ಹಾಕಿ, ತೊಡೆಯಿಂದ ಚೂರು ತೆಗೆದು ತೇಪೆ ಹಚ್ಚುತ್ತಾರಂತೆ. ಸೆಪ್ಟೆಂಬರ್ ಏಳಕ್ಕೆ ಆಪರೇಶನ್.

ನಾನು ಕೇಳಿದ್ದು ಒಂದೇ — ಈ ನೀರು ಹೊಲಸೇ? ಅವರು, ಮೈಯೊಳಗೆ ಇದಕ್ಕಿಂತ ಸ್ವಚ್ಛ ನೀರು ಇಲ್ಲ ಆಜಿ, ಅಂದರು.

ಗಾಡಿಯಲ್ಲಿ ಬರುವಾಗ ಎದೆ ಹಗುರ. ಹೊಲಸಲ್ಲ. ಹಾಗಾದರೆ ನಾನು ಸುಳ್ಳು ಹೇಳಿಲ್ಲ. ಕೃಷ್ಣೆ ದಾಟುವವರೆಗೂ ಅದನ್ನೇ ಹೇಳಿಕೊಂಡೆ. ಆಮೇಲೆ ಮುಂದಿನ ಸೀಟಿನಲ್ಲಿ ಸೀಮಾಳ ತಲೆ ಕಂಡಿತು, ಬಿಗಿದ ಬಟ್ಟೆ. ಯಾರಿಗಾಗಿ ಈ ಲೆಕ್ಕ ಹಾಕುತ್ತಿದ್ದೇನೆ ನಾನು? ಹೊಲಸೋ ಸ್ವಚ್ಛವೋ ನನಗೆ ಗೊತ್ತಿರಲಿಲ್ಲ. ಸೋರುವುದು ಗೊತ್ತಿತ್ತು. ಹನಿ ನನ್ನದೆಂದೂ ಗೊತ್ತಿತ್ತು.

2 ಸೆಪ್ಟೆಂಬರ್, ಶುಕ್ರವಾರ

ದಶಲಕ್ಷಣ ಪರ್ವ ಶುರು. ಮೊದಲ ದಿನ ಉತ್ತಮ ಕ್ಷಮಾ. ದಿಂಬು ಎತ್ತರಿಸಿ ಮಲಗಿದವಳಿಗೆ ಬಸದಿಯ ಮೈಕಿನಲ್ಲಿ ಪ್ರವಚನ ಕೇಳುತ್ತಿತ್ತು. ಓಣಿಯವರು ಬಂದು ಕೈ ಮುಗಿದು ಹೋದರು. ಆಪರೇಶನ್‌ಗೆ ಹೋಗುವವಳು ಅಂತ. ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ ಕ್ಷಮಿಸಿ ಅಂದರು. ನಾನೂ ಅದನ್ನೇ ಅಂದೆ, ಒಬ್ಬೊಬ್ಬರಿಗೆ. ನಾಲಿಗೆಗೆ ಏನೂ ಕಷ್ಟವಿಲ್ಲ.

ಒಂದು ಉಪಾಯ ಮಾಡಿದ್ದೆ. ಇದೇ ಸಾಲಿನಲ್ಲಿ ಸೀಮಾಳಿಗೂ ಹೇಳಿಬಿಡುವುದು. ಅವಳು ಗಂಜಿ ತಂದಳು. ಕೈ ಹಿಡಿದು, ನನ್ನಿಂದ ತಪ್ಪಾಗಿದ್ದರ ಕ್ಷಮಾ ಮಾಡವಾ ಅಂದೆ.

ಅವಳು ಬಟ್ಟಲು ಕೆಳಗಿಟ್ಟಳು. "ಯಾವ ತಪ್ಪ್ರಿ ಅತ್ತಿ?"

ಸಿಟ್ಟಿಲ್ಲ, ವ್ಯಂಗ್ಯವಿಲ್ಲ. ನಿಜವಾಗಿ ಕೇಳಿದಳು. ಕಾಯ್ದಳು. ಗಂಜಿಯ ಮೇಲೆ ಕೆನೆ ಕಟ್ಟಿತು.

ಉಪ್ಪು ಸಾಕೇನವಾ ಅಂತ ಕೇಳಿದೆ. ಛೀ. ಉಪ್ಪು ಸಾಕೇ ಅಂತ ಕೇಳಿದೆ ನಾನು.

"ಸಾಕಾಗೈತ್ರಿ," ಎಂದು ಎದ್ದು ಹೋದಳು.

5 ಸೆಪ್ಟೆಂಬರ್, ಸೋಮವಾರ. ಮಧ್ಯಾಹ್ನ

ಹೇಳಿದೆ.

ಪ್ರವಚನ ಮುಗಿಯುವ ಹೊತ್ತಿಗೆ ಬಸದಿಗೆ ಕರೆದೊಯ್ಯಲು ಅಮೋಲನಿಗೆ ಹೇಳಿದ್ದೆ. ಸೀಮಾ ಬರಲೇಬೇಕು ಅಂದೆ. ಕೊನೆಯ ಕಂಬದ ಹತ್ತಿರ ನಿಂತಳು. ಮಹಾರಾಜರಿಗೆ ಬಾಗಿ ನಮೋಸ್ತು ಮಾಡುವ ಹಾಗಿಲ್ಲ ನಾನು. ನೆಟ್ಟಗೆ ನಿಂತೇ ಹೇಳಬೇಕಾಯಿತು. ಬಾಗಿದ್ದರೆ ನೆಲ ನೋಡಿಕೊಂಡು ಹೇಳಬಹುದಿತ್ತು. ಎಲ್ಲರ ಮುಖವೂ ಕಾಣುತ್ತಿತ್ತು. ಇವರದು, ಉಜ್ವಲಾಳದು.

ಉದ್ದಕ್ಕೆ ಹೇಳಲಿಲ್ಲ. ಅವತ್ತು ಬಿದ್ದದ್ದು ಕೂದಲಲ್ಲ, ನನ್ನ ಮೂಗಿನ ನೀರು. ಸೋರುವುದು ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಕಾಯ ಶುದ್ಧಿ ಅಂದೆ. ಸೊಸೆಯ ಮೇಲೆ ಬಂದಾಗ, ಅವಳು ಉಪವಾಸ ಹಿಡಿದಾಗ ಸುಮ್ಮನಿದ್ದೆ. ಯಾರೋ ಮೆದುಳಿನ ನೀರಂತ, ಹೊಲಸಲ್ಲಂತ ಅಂದರು, ಅಮೋಲನೇ ಇರಬೇಕು. ಅದು ಬೇಡ ಅಂತ ಕೈ ಮಾಡಿದೆ.

ಮಹಾರಾಜರು, ಹನಿ ಬಿದ್ದದ್ದು ತಮ್ಮ ಕೈಯಲ್ಲೇ, ತಮಗೆ ಗೊತ್ತಿತ್ತು ಅಂದರು. ಕೊಟ್ಟವರ ದೋಷವನ್ನು ಆಡಿ ತೋರಿಸುವುದು ತಮ್ಮ ಪದ್ಧತಿಯಲ್ಲ. ಸೊಸೆಯ ಮೇಲೆ ಬಂದದ್ದು ಮಾತ್ರ ಅವರಿಗೆ ಯಾರೂ ಹೇಳಿರಲಿಲ್ಲ. ನಾನು ಪ್ರಾಯಶ್ಚಿತ್ತ ಕೇಳಿದೆ.

"ನಮ್ಮ ಹಸಿವು ನಮ್ಮ ವ್ರತ, ಅಮ್ಮಾ," ಎಂದರು. "ಆ ಹೆಣ್ಣಮಗಳು ಹಸಿದಿದ್ದು ಯಾರ ವ್ರತ? ಮೊದಲು ಆಕೀನ್ನ ಕೇಳ್ರಿ."

ತಿರುಗಿದೆ. ಕಂಬದ ಹತ್ತಿರ ಸೀಮಾ ಇರಲಿಲ್ಲ.

ಮನೆಗೆ ಬಂದರೆ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದಾಳೆ. ಜೋರಾಗಿ ಬಡಿಯುತ್ತಿದ್ದಾಳೆ. ತಲೆಯ ಬಟ್ಟೆ ಬಿಚ್ಚಿದ್ದಾಳೆ. ಇವರು ಹೊರಗಿನ ಕಟ್ಟೆಯ ಮೇಲೆ ಕೂತಿದ್ದಾರೆ, ಒಳಗೆ ಬಂದಿಲ್ಲ. ಇರಲಿ.

7 ಸೆಪ್ಟೆಂಬರ್, ಬುಧವಾರ. ಮಿರಜ, ಬೆಳಿಗ್ಗೆ

ಹಸಿರು ಬಟ್ಟೆ ಹಾಕಿದ್ದಾರೆ. ಬಳೆ ತೆಗೆಸಿದರು. ಅಮೋಲ ಔಷಧಿ ತರಲು ಕೆಳಗೆ ಹೋದ. ಇವರು ಹೊರಗೆ ಬೆಂಚಿನ ಮೇಲೆ ಮಣಿ ಎಣಿಸುತ್ತಿದ್ದಾರೆ. ಸೀಮಾ ಮಂಚದ ಪಕ್ಕ. ಮೊನ್ನೆಯಿಂದ ಬೇಕಾದಷ್ಟೇ ಮಾತು — ನೀರು, ಗುಳಿಗೆ, ದಿಂಬು.

ಈಗ ಕೇಳಿದೆ. ಹೆಸರಿಟ್ಟು ಕೇಳಿದೆ ಈ ಸಲ. ನೀನು ಹಸಿದಿರುವಾಗ ಸುಮ್ಮನಿದ್ದೆ. ಕೊಡ ಮುಟ್ಟಬೇಡ ಅಂದಾಗ ಸುಮ್ಮನಿದ್ದೆ. ನಿನ್ನ ಅವ್ವ ಅತ್ತಾಗ ಸುಮ್ಮನಿದ್ದೆ. ಕ್ಷಮಾ ಮಾಡ್ತೀಯೇನು?

ಅವಳು ಹೊದಿಕೆಯ ಅಂಚು ಮಡಚಿದಳು, ಬಿಚ್ಚಿದಳು.

"ಇವತ್ತ ಅನ್ನೂದಿಲ್ರಿ," ಅಂದಳು. "ಇವತ್ತ ಅಂದ್ರ ನಿಮ್ಮ ಆಪರೇಶನ್ನಿಗಿ ಅಂಜಿ ಅಂದಂಗ ಆಗ್ತೈತಿ. ಖರೇ ಐತೋ ಸುಳ್ಳ ಐತೋ ನನಗೂ ಗೊತ್ತಾಗೂದಿಲ್ಲ. ಮನಿಗಿ ಬರ್ರಿ. ಎದುರಾ ಎದುರು ಕುಂತು ಜಗಳಾ ಮಾಡೂದೈತಿ ನಿಮ್ಮ ಕೂಡ. ಆಮ್ಯಾಲ ನೋಡೂಣು."

ಮದುವೆಯಾಗಿ ಬಂದಾಗಿನಿಂದ ನನ್ನೆದುರು ಇಷ್ಟು ಉದ್ದ ಮಾತಾಡಿದ್ದು ಇದೇ ಮೊದಲು. ನನಗೆ ಅಳು ಬಂತು. ಅಳಬ್ಯಾಡ್ರಿ, ಮೂಗಿಗೆ ಒಳ್ಳೇದಲ್ಲ ಅಂತ ಗದರಿಸಿದಳು. ನಾನು ಅವಳಿಗೆ ಗದರಿಸಿದ ಹಾಗೇ.

ಏನೇನು ಅನ್ನುತ್ತಾಳೋ. ಅನ್ನಲಿ. ಎಲ್ಲ ಕೇಳಿಸಿಕೊಳ್ಳಬೇಕು, ನಡುವೆ ಬಾಯಿ ಹಾಕದೆ. ಹೊಲಸಲ್ಲ, ಸ್ವಚ್ಛ ನೀರು ಅಂತ ಒಮ್ಮೆಯೂ ಅನ್ನದೆ.

ನರ್ಸ್ ಗಾಲಿ ಮಂಚ ತಂದಳು. ಕನ್ನಡಕ ಕೊಡ್ರಿ ಅಂತ ಸೀಮಾ ಕೈ ಚಾಚಿದ್ದಾಳೆ. ಒಂದು ನಿಮಿಷ ಅಂದೆ. ಅಕ್ಕನಿಗೆ ಇನ್ನೂ ಬರೆದಿಲ್ಲ. ಬರೆದರೆ ಮೊದಲು ಸೀಮಾಳದು ಬರೆಯಬೇಕು, ಆಮೇಲೆ ಮೂಗಿನದು. ಅವಳು ಅವತ್ತು ಎರಡೂ ಕೈಯಿಂದ ತಲೆ ಮುಟ್ಟಿಕೊಂಡು —